ಫೇರ್ ಚೇಸ್: ಬೇಟೆಗಾರ ತನಗೆ ತಾನೇ ಹಾಕಿಕೊಳ್ಳುವ ಬೇಲಿ

ಏಪ್ರಿಲ್ ತಿಂಗಳು. ಅಮೆರಿಕದ ಮಿಸೌರಿಯ ಕಾಡು. ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಓಕ್ ಮರದ ಕೊಂಬೆ ಮೇಲೆ ಟರ್ಕಿ ಹುಂಜವೊಂದು ಕೂತಿದೆ. ರಾತ್ರಿ ಮಲಗಿದ್ದೂ ಅಲ್ಲೇ. ಬೆಳ್ಳಗಾಗುತ್ತಿರುವ ಆಕಾಶದಲ್ಲಿ ಅದರ ಕಪ್ಪು ಮೈ ಎದ್ದು ಕಾಣುತ್ತಿದೆ. ಕೆಳಗೆ ಬೇಟೆಗಾರ ಇದ್ದಾನೆ. ಕೈಯಲ್ಲಿ ಕೋವಿ ಇದೆ, ಜೇಬಿನಲ್ಲಿ ಲೈಸೆನ್ಸ್ ಇದೆ. ಆದರೂ ಅವನು ಈಡು ಹೊಡೆಯುವುದಿಲ್ಲ. ಹಕ್ಕಿ ತಾನಾಗಿ ಕೆಳಗಿಳಿಯಲಿ ಅಂತ ಕಾಯುತ್ತಾನೆ. ಇಳಿದ ಮೇಲೆ ಅದು ಇವನ ಕಡೆ ಬಂದರೂ ಬಂತು, ಅತ್ತ ತಿರುಗಿ ಹೋದರೂ ಹೋಯಿತು. ಹೆಚ್ಚಿನ ದಿನ ಹೋಗಿಬಿಡುತ್ತದೆ.

ಹೀಗೆ ಕೈಗೆ ಸಿಕ್ಕಿದ್ದನ್ನು ಬಿಟ್ಟು ಕಾಯುವುದರ ಹಿಂದಿರುವ ಮಾತೇ ‘ಫೇರ್ ಚೇಸ್’. ಅಮೆರಿಕದಲ್ಲಿರುವ ನಮ್ಮವರಿಗೆ ವಸಂತ ಬಂತೆಂದರೆ ಆಫೀಸಿನ ಕಾಫಿ ಟೇಬಲ್ಲಿನಲ್ಲಿ ಈ ಪದ ಕಿವಿಗೆ ಬಿದ್ದಿರುತ್ತದೆ.

ಚೇಸ್ ಅಂದ ಕೂಡಲೇ ನಮಗೆ ಸಿನಿಮಾದ ಕಾರುಗಳು ನೆನಪಾಗುತ್ತವೆ. ಇಲ್ಲಿ ಅದಕ್ಕೆ ‘ಬೇಟೆ’ ಎನ್ನುವ ಹಳೆಯ ಅರ್ಥ. ಟರ್ಕಿ ಬೇಟೆಯಲ್ಲಂತೂ ಅಟ್ಟಿಸಿಕೊಂಡು ಹೋಗುವ ಮಾತೇ ಇಲ್ಲ. ಮರಕ್ಕೆ ಬೆನ್ನು ಕೊಟ್ಟು ಅಲುಗಾಡದೆ ಗಂಟೆಗಟ್ಟಲೆ ಕೂರಬೇಕು. ಮಲೆನಾಡಿನ ಹಿರಿಯರು ಮರಸು ಕೂರುವುದು ಅನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ. ಆದರೆ ಮರದ ಮೇಲಲ್ಲ, ಬುಡದಲ್ಲಿ. ಇನ್ನು ‘ಫೇರ್’. ‘ನ್ಯಾಯದ ಬೇಟೆ’ ಅಂತ ಕನ್ನಡ ಮಾಡಬಹುದು. ಆಗ ಸಾಯುವ ಹಕ್ಕಿಗೆ ಅದೆಂಥ ನ್ಯಾಯ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ್ದೇ. ಹಾಗಾಗಿ ಪದವನ್ನು ಹಾಗೇ ಇಟ್ಟುಕೊಂಡು ಅರ್ಥ ನೋಡೋಣ.

ಪ್ರಾಣಿ ಕಾಡಿನಲ್ಲಿ ತನ್ನಿಷ್ಟಕ್ಕೆ ಓಡಾಡಿಕೊಂಡಿರಬೇಕು. ಅದಕ್ಕೆ ತಪ್ಪಿಸಿಕೊಳ್ಳಲು ನಿಜವಾದ ದಾರಿ ಇರಬೇಕು. ಬೇಟೆಗಾರ ಸಲ್ಲದ ಅನುಕೂಲ ಪಡೆಯಬಾರದು. ಕಾನೂನು ಪಾಲಿಸಬೇಕು, ಅಷ್ಟಕ್ಕೇ ನಿಲ್ಲಬಾರದು. ಕಾನೂನು ‘ಮಾಡಬಹುದು’ ಅಂದರೂ ಕೆಲವನ್ನು ತಾನಾಗಿ ಬಿಡಬೇಕು. ಕಷ್ಟದ್ದು ಈ ಕೊನೆಯ ಮಾತು. ಕಾಡಿನಲ್ಲಿ ಒಬ್ಬನೇ ಇರುವಾಗ ನೋಡುವವರು ಯಾರೂ ಇರುವುದಿಲ್ಲ, ಅಲ್ವಾ?

ಈ ಮಾತನ್ನು ಬಳಕೆಗೆ ತಂದವರಲ್ಲಿ ಮುಖ್ಯವಾದದ್ದು ಬೂನ್ ಅಂಡ್ ಕ್ರಾಕೆಟ್ ಕ್ಲಬ್. ಥಿಯೋಡರ್ ರೂಸ್‌ವೆಲ್ಟ್, ಜಾರ್ಜ್ ಬರ್ಡ್ ಗ್ರಿನೆಲ್ ಮತ್ತು ಅವರ ಸ್ನೇಹಿತರು 1887ರಲ್ಲಿ ಕಟ್ಟಿದ್ದು. ಬೈಸನ್‌ಗಳನ್ನು (ಅಲ್ಲಿನ ಕಾಡುಕೋಣ) ಚರ್ಮಕ್ಕಾಗಿ ಕೊಂದು ಮುಗಿಸಿದ್ದ ಕಾಲ ಅದು. ನ್ಯೂಯಾರ್ಕಿನ ಅಡಿರಾಂಡಾಕ್ ಬೆಟ್ಟಗಳಲ್ಲಿ ಜಿಂಕೆಯನ್ನು ನಾಯಿ ಬಿಟ್ಟು ಕೆರೆಗೆ ಅಟ್ಟುತ್ತಿದ್ದರು. ಅದು ಈಜುವಾಗ ದೋಣಿಯಲ್ಲಿ ಕೂತು ಪಕ್ಕದಿಂದಲೇ ಹೊಡೆಯುತ್ತಿದ್ದರು. ರಾತ್ರಿ ಹೊತ್ತು ದೀಪ ಹಿಡಿದು, ಕಣ್ಣು ಕುಕ್ಕಿ ನಿಂತ ಪ್ರಾಣಿಗೆ ಈಡು ಹಾಕುತ್ತಿದ್ದರು. ದಪ್ಪ ಹಿಮದಲ್ಲಿ ಕಾಲು ಹೂತು ಓಡಲಾಗದೆ ನಿಂತದ್ದನ್ನು ಕೊಲ್ಲುತ್ತಿದ್ದರು. ಇವೆಲ್ಲ ಬೇಟೆ ಅನ್ನಿಸಿಕೊಳ್ಳುವುದಿಲ್ಲ ಅಂತ ಕ್ಲಬ್ಬಿನವರು ಹೇಳಿದರು. ಅವರ ತಲೆಯಲ್ಲಿದ್ದದ್ದು ಜಿಂಕೆ, ಎಲ್ಕ್, ಕರಡಿಯಂಥ ದೊಡ್ಡ ಪ್ರಾಣಿಗಳು. ಟರ್ಕಿ ಬೇಟೆಯವರು ಈ ಮಾತನ್ನು ಆಮೇಲೆ ಎರವಲು ತಂದುಕೊಂಡರು.

1902ರ ನವೆಂಬರಿನಲ್ಲಿ ರೂಸ್‌ವೆಲ್ಟ್ ಮಿಸಿಸಿಪ್ಪಿಗೆ ಕರಡಿ ಬೇಟೆಗೆ ಹೋದರು. ಆಗ ಅವರು ಅಮೆರಿಕದ ಅಧ್ಯಕ್ಷರು. ದಾರಿ ತೋರಿಸಲು ಬಂದಿದ್ದ ಹೋಲ್ಟ್ ಕಾಲಿಯರ್ ಒಂದು ಕರಡಿಯನ್ನು ಹಿಡಿದು ಮರಕ್ಕೆ ಕಟ್ಟಿಹಾಕಿ, ಬಂದು ಹೊಡೆಯಿರಿ ಅಂತ ಹೇಳಿಕಳಿಸಿದ. ಕಟ್ಟಿಹಾಕಿದ ಪ್ರಾಣಿಗೆ ನಾನು ಹೊಡೆಯುವುದಿಲ್ಲ ಅಂದರು ರೂಸ್‌ವೆಲ್ಟ್. ವಾಷಿಂಗ್ಟನ್ ಪೋಸ್ಟ್‌ನಲ್ಲಿ ಕ್ಲಿಫರ್ಡ್ ಬೆರಿಮನ್ ಇದನ್ನೇ ವ್ಯಂಗ್ಯಚಿತ್ರ ಮಾಡಿದರು. ಅದರಿಂದಲೇ ಟೆಡ್ಡಿ ಬೇರ್ ಹುಟ್ಟಿತು. ಇಷ್ಟು ಕಥೆ ಬಹಳ ಜನಕ್ಕೆ ಗೊತ್ತು. ಮಕ್ಕಳಿಗೆ ಯಾರೂ ಹೇಳದ ಭಾಗವೊಂದಿದೆ. ಆ ಕರಡಿ ಮೊದಲೇ ಗಾಯಗೊಂಡಿತ್ತು. ಅದರ ಸಂಕಟ ಮುಗಿಸಿ ಅಂತ ರೂಸ್‌ವೆಲ್ಟ್ ಹೇಳಿದರು. ಚಾಕುವಿನಿಂದ ಅದನ್ನು ಕೊಂದರು.

ಫೇರ್ ಚೇಸ್ ಅಂದರೆ ಕರುಣೆ ಅಂದುಕೊಂಡವರು ಈ ಕಥೆಯನ್ನು ಪೂರ್ತಿ ಕೇಳಬೇಕು. ಕರಡಿ ಉಳಿಯಬೇಕು ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ನಾನು ಹೇಗೆ ಕೊಂದೆ ಎಂಬುದು ಪ್ರಶ್ನೆಯಾಗಿತ್ತು.

ಈಗ ಟರ್ಕಿಗೆ ಬರೋಣ. ನಮ್ಮ ಕಡೆ ಫಾರಂಗಳಲ್ಲಿ ಕಾಣುವ ದಡ್ಡ ಟರ್ಕಿ ಕೋಳಿಗೂ ಈ ಕಾಡು ಟರ್ಕಿಗೂ ತುಂಬ ಅಂತರ. ಇದು ಹಾರುತ್ತದೆ, ಜೋರಾಗಿ ಓಡುತ್ತದೆ. ಕಣ್ಣಂತೂ ವಿಪರೀತ ಚುರುಕು. ನೀವು ರೆಪ್ಪೆ ಬಡಿದರೂ ಗೊತ್ತಾಗುತ್ತದೆ ಅಂತ ಬೇಟೆಗಾರರು ಹೇಳುತ್ತಾರೆ. ಮೂಗು ಮಾತ್ರ ಮಂದ. ಅದಕ್ಕೆ ವಾಸನೆಯೂ ಸಿಗುವಂತಿದ್ದರೆ ಒಬ್ಬನಿಗೂ ಒಂದು ಹಕ್ಕಿಯೂ ದಕ್ಕುತ್ತಿರಲಿಲ್ಲ ಎನ್ನುವುದು ಅವರ ಹಳೆಯ ತಮಾಷೆ.

ವಸಂತದಲ್ಲಿ ಹುಂಜ ಗುಳುಗುಳು ಅಂತ ಕೂಗುತ್ತದೆ. ಹೇಂಟೆ ಆ ದನಿ ಹಿಡಿದು ಅದರ ಹತ್ತಿರ ಹೋಗುತ್ತದೆ. ಪ್ರಕೃತಿಯ ಕ್ರಮ ಇದು. ಬೇಟೆಗಾರ ಇದನ್ನೇ ತಿರುವುಮುರುವು ಮಾಡುತ್ತಾನೆ. ತಾನು ಹೇಂಟೆಯ ಹಾಗೆ ಕೂಗಿ ಹುಂಜವನ್ನೇ ಬರಮಾಡಿಕೊಳ್ಳಬೇಕು. ಹುಂಜ ನಿಂತಲ್ಲೇ ನಿಂತು ‘ನೀನೇ ಬಾ’ ಅನ್ನುತ್ತದೆ. ಇವನೂ ಬಿಡುವುದಿಲ್ಲ. ಈ ಜಗ್ಗಾಟವೇ ಟರ್ಕಿ ಬೇಟೆಯ ರುಚಿ ಅನ್ನುತ್ತಾರೆ.

ಕೂಗಲು ನಾನಾ ಸಾಧನಗಳಿವೆ. ಮರದ ಪುಟ್ಟ ಪೆಟ್ಟಿಗೆಯ ಅಂಚಿಗೆ ಸೀಮೆಸುಣ್ಣ ಬಳಿದ ಮುಚ್ಚಳ ಉಜ್ಜಿದರೆ ಕಿಯಾಂವ್ ಅನ್ನುವ ಒಂದು ಬಗೆ. ಸ್ಲೇಟಿನ ಬಿಲ್ಲೆ ಮೇಲೆ ಕಡ್ಡಿ ಗೀಚುವುದು ಇನ್ನೊಂದು. ಅಂಗುಳಕ್ಕೆ ರಬ್ಬರಿನ ತೆಳು ಹಾಳೆ ಒತ್ತಿಕೊಂಡು ಊದುವುದು ಮತ್ತೊಂದು. ಎಲ್ಲಕ್ಕಿಂತ ಹಳೆಯದು ಟರ್ಕಿಯದೇ ರೆಕ್ಕೆ ಮೂಳೆಯಿಂದ ಮಾಡಿದ ಕೊಳವೆ. ಅಲ್ಲಿನ ಮೂಲನಿವಾಸಿಗಳಿಂದ ಬಂದದ್ದು. ಇವೆಲ್ಲ ಸರಿ. ಆದರೆ ನಿಜವಾದ ಹೇಂಟೆಯ ದನಿ ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿದರೆ ತಪ್ಪು. ಬಹುತೇಕ ರಾಜ್ಯಗಳಲ್ಲಿ ಕಾನೂನಿನ ಪ್ರಕಾರವೂ ತಪ್ಪು.

ಮೊದಲು ಕೇಳಿದಾಗ ನನಗೆ ಇದು ವಿಚಿತ್ರ ಅನ್ನಿಸಿತ್ತು. ಮರದ ಪೆಟ್ಟಿಗೆ ಹೇಳುವುದೂ ಸುಳ್ಳೇ, ಸ್ಪೀಕರ್ ಹೇಳುವುದೂ ಸುಳ್ಳೇ. ಒಂದು ಸುಳ್ಳು ಹೇಗೆ ನ್ಯಾಯವಾಯಿತು? ಯೋಚಿಸಿದರೆ ಉತ್ತರ ಸಿಗುತ್ತದೆ. ಪೆಟ್ಟಿಗೆ ಕೈ ತಪ್ಪಬಹುದು. ದನಿ ಒಡೆಯಬಹುದು, ಲಯ ಕೆಡಬಹುದು. ಆಗ ಹಕ್ಕಿ ‘ಇದು ನಮ್ಮವಳಲ್ಲ’ ಅಂತ ತಿಳಿದು ಹೋಗಿಬಿಡುತ್ತದೆ. ಇವನು ತಪ್ಪಿದ ಜಾಗದಲ್ಲೇ ಅದಕ್ಕೆ ದಾರಿ ತೆರೆಯುತ್ತದೆ. ಸ್ಪೀಕರ್ ತಪ್ಪುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಸಾಕಿದ ಗೌಜಲಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ ಕಾಡಿನ ಗೌಜಲಕ್ಕಿ ಹಿಡಿಯುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಹೀಗೆ ಆಸೆ ತೋರಿಸಿ ಕರೆಯುವ ಪ್ರಾಣಿಗೆ ಕನ್ನಡದಲ್ಲಿ ‘ದೀಮ’ ಎನ್ನುವ ಪದವೇ ಇದೆ. ಅಮೆರಿಕದ ಟರ್ಕಿ ಬೇಟೆಯವರು ಜೀವಂತ ದೀಮ ಇಡುವುದಿಲ್ಲ. ಪ್ಲಾಸ್ಟಿಕ್ಕಿನ ಹೇಂಟೆ ನಿಲ್ಲಿಸುತ್ತಾರೆ. ಅದೂ ಬೇಡ ಅನ್ನುವ ಹಳಬರಿದ್ದಾರೆ.

ಕಾಳು ಚೆಲ್ಲಿ ಹೊಡೆಯುವುದಕ್ಕೂ ಹೆಚ್ಚಿನ ರಾಜ್ಯಗಳಲ್ಲಿ ನಿಷೇಧವಿದೆ. ಟೆಕ್ಸಾಸ್‌ನ ಬಹುಭಾಗದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಒಂದೇ ಜೋಳದ ಕಾಳು ಗಡಿ ದಾಟಿದರೆ ಅಪರಾಧ, ಈಚೆ ಇದ್ದರೆ ಪದ್ಧತಿ. ಫೇರ್ ಚೇಸ್‌ಗೆ ಕಾನೂನಿನ ಆಚೆಗೂ ಕೆಲಸವಿದೆ ಅನ್ನುವುದು ಇದಕ್ಕೇ.

ಮೂಲದ ಪ್ರಶ್ನೆಯೊಂದು ಉಳಿದಿದೆ. ಹಕ್ಕಿ ಜೋಡಿ ಹುಡುಕುವ ಕಾಲದಲ್ಲೇ ಅದನ್ನು ಹೊಡೆಯುವುದು ಸರಿಯೇ? ಪಾಂಡುವಿನ ಕಥೆ ನಮಗೆಲ್ಲ ಗೊತ್ತು. ಕೂಡಿದ್ದ ಜಿಂಕೆ ಜೋಡಿಗೆ ಅವನು ಬಾಣ ಬಿಟ್ಟ. ಜಿಂಕೆಯ ರೂಪದಲ್ಲಿದ್ದವನು ಕಿಂದಮ ಮುನಿ. ಬೇಟೆ ರಾಜರಿಗೆ ಸಲ್ಲುವ ಕೆಲಸ ಅಂತ ಪಾಂಡು ವಾದ ಮಾಡಿದ. ಮುನಿಯ ತಕರಾರು ಬೇಟೆಯ ಮೇಲೆ ಇರಲೇ ಇಲ್ಲ, ಹೊತ್ತಿನ ಮೇಲಿತ್ತು. ಅಷ್ಟು ಹೊತ್ತು ಕಾಯಬಾರದಿತ್ತೇ ಅಂತ ಕೇಳಿ ಶಾಪ ಕೊಟ್ಟ. ಕಿಂದಮನನ್ನು ಪರೀಕ್ಷಕನಾಗಿ ಕೂರಿಸಿದರೆ ವಸಂತದ ಟರ್ಕಿ ಬೇಟೆ ಪೂರ್ತಿ ಫೇಲು.

ಅಮೆರಿಕದವರ ಸಮಾಧಾನ ಬೇರೆ ಲೆಕ್ಕದ್ದು. ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುತ್ತದೆ. ಮೊಟ್ಟೆ, ಮರಿಗಳ ಪಾಡು ನೋಡಿಕೊಳ್ಳುವುದು ಹೇಂಟೆ ಮಾತ್ರ. ಆದ್ದರಿಂದ ವಸಂತದಲ್ಲಿ ಹೇಂಟೆಯನ್ನು ಮುಟ್ಟದೆ ಕೆಲವು ಹುಂಜಗಳನ್ನು ತೆಗೆದರೆ ಸಂತತಿಗೆ ಪೆಟ್ಟಾಗದು ಎನ್ನುವುದು ಅವರ ವಾದ. ಕಾನೂನು ಹಲವೆಡೆ ‘ಎದೆಯಲ್ಲಿ ಗಡ್ಡ ಇರುವ ಹಕ್ಕಿ’ ಅಂತ ಬರೆದಿದೆ. ಹುಂಜದ ಎದೆಯಿಂದ ಕುದುರೆ ಬಾಲದ ಕೂದಲಿನಂಥ ಒಂದು ಗೊಂಚಲು ಜೋತಾಡುತ್ತದೆ, ಅದೇ ಗಡ್ಡ. ತಮಾಷೆಯೆಂದರೆ ಕೆಲವು ಹೇಂಟೆಗಳಿಗೂ ಗಡ್ಡ ಬರುತ್ತದೆ. ಕಾನೂನಿನ ಪ್ರಕಾರ ಹೊಡೆಯಬಹುದು. ಮರ್ಯಾದಸ್ಥ ಬೇಟೆಗಾರ ಹೊಡೆಯುವುದಿಲ್ಲ.

ಈ ಸಂತತಿಯ ಚಿಂತೆ ಸುಮ್ನೆ ಬಂದದ್ದಲ್ಲ. 20ನೇ ಶತಮಾನದ ಮೊದಲ ಭಾಗದಲ್ಲಿ ಕಾಡು ಟರ್ಕಿ ಅಮೆರಿಕದ ಬಹುಭಾಗದಿಂದ ಅಳಿಸಿಹೋಗಿತ್ತು. ಕಾಡು ಕಡಿದದ್ದು, ಮಾರಲೆಂದು ಮಿತಿಯಿಲ್ಲದೆ ಹೊಡೆದದ್ದು, ಎರಡೂ ಸೇರಿ ಹಾಗಾಯಿತು. ಸಾಕಿದ ಟರ್ಕಿಗಳನ್ನು ತಂದು ಕಾಡಿಗೆ ಬಿಟ್ಟು ನೋಡಿದರು. ಅವಕ್ಕೆ ಕಾಡಿನ ಬದುಕೇ ಗೊತ್ತಿರಲಿಲ್ಲ, ಸತ್ತವು. 1950ರ ದಶಕದಿಂದ ಸಿಡಿಮದ್ದಿನಿಂದ ಹಾರುವ ಬಲೆ ಹಾಕಿ ನಿಜವಾದ ಕಾಡು ಹಕ್ಕಿಗಳನ್ನೇ ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದ ಮೇಲೆ ದಾರಿ ಸಿಕ್ಕಿತು. ಖರ್ಚಿನ ದೊಡ್ಡ ಪಾಲು ಬಂದದ್ದು ಬೇಟೆಯ ಲೈಸೆನ್ಸಿನಿಂದ ಮತ್ತು ಕೋವಿ, ತೋಟಾಗಳ ಮೇಲಿನ ತೆರಿಗೆಯಿಂದ. ಆ ತೆರಿಗೆ ಹಣವನ್ನು ವನ್ಯಜೀವಿಗಳಿಗೇ ಮೀಸಲಿಟ್ಟದ್ದು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ. ಮಿಸೌರಿ 1937ರಲ್ಲಿ ಮುಚ್ಚಿದ್ದ ಟರ್ಕಿ ಬೇಟೆಯನ್ನು ಮತ್ತೆ ತೆರೆದದ್ದು 1960ರಲ್ಲಿ, ಅದೂ ಬರೀ 3 ದಿನಕ್ಕೆ. ಈಗ ದೇಶದಲ್ಲಿ 60 ಲಕ್ಷದ ಆಸುಪಾಸು ಹಕ್ಕಿಗಳಿವೆ. ಆದರೂ ಆಗ್ನೇಯದ ರಾಜ್ಯಗಳಲ್ಲಿ ಸಂಖ್ಯೆ ಮತ್ತೆ ಇಳಿಯುತ್ತಿದೆ. ಹುಂಜಗಳನ್ನು ತೀರಾ ಬೇಗ ಹೊಡೆಯುತ್ತಿದ್ದೇವೆಯೇ ಎಂಬ ಅನುಮಾನದಲ್ಲಿ ಟೆನೆಸಿಯಂಥ ರಾಜ್ಯ 2023ರಲ್ಲಿ ಬೇಟೆಯ ಕಾಲವನ್ನು ಎರಡು ವಾರ ಮುಂದೆ ಹಾಕಿತು. ಕಿಂದಮನ ‘ಕಾಯಬಾರದಿತ್ತೇ’ಗೆ ಅರ್ಧ ಕಿವಿಗೊಟ್ಟ ಹಾಗಾಯಿತು.

ನನಗೆ ಒಂದು ತಕರಾರಿದೆ. ಇಂಥ ಎಲ್ಲ ನಿಯಮಗಳನ್ನೂ ಜನ ಫೇರ್ ಚೇಸ್ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಸಂತತಿ ಉಳಿಸುವುದು ಲೆಕ್ಕಾಚಾರ, ಅದು ನ್ಯಾಯದ ಮಾತಲ್ಲ. ಈಚೆಗೆ ಜಗಳಕ್ಕೆ ಕಾರಣವಾಗಿರುವ ‘ಫ್ಯಾನಿಂಗ್’ ನೋಡಿ. ಬೇಟೆಗಾರ ಒಣಗಿಸಿದ ಟರ್ಕಿ ಬಾಲವನ್ನು ಬೀಸಣಿಗೆಯಂತೆ ಮುಖದ ಮುಂದೆ ಹಿಡಿದು ಬಯಲಲ್ಲಿ ತೆವಳುತ್ತಾನೆ. ಎದುರಾಳಿ ಬಂದ ಅಂತ ಸಿಟ್ಟಿಗೆದ್ದ ಹುಂಜ ಜಗಳಕ್ಕೆ ಓಡಿ ಬರುತ್ತದೆ. ಇದು ಫೇರ್ ಚೇಸ್ ಅಲ್ಲ, ತೀರಾ ಸುಲಭ ಅಂತ ಬಯ್ಯುವವರಿದ್ದಾರೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ದೂರದಲ್ಲಿರುವ ಇನ್ನೊಬ್ಬ ಬೇಟೆಗಾರನ ಕಣ್ಣಿಗೆ ಆ ಬಾಲದ ಹಿಂದಿರುವವನೂ ಟರ್ಕಿಯೇ! ಹುಂಜದ ತಲೆ ಕೆಂಪು, ಬಿಳಿ, ನೀಲಿ ಇರುವುದರಿಂದ ಆ ಬಣ್ಣದ ಕರವಸ್ತ್ರವನ್ನೂ ಕಾಡಿಗೆ ಒಯ್ಯಬೇಡಿ ಎನ್ನುತ್ತಾರೆ. ಇದು ಜೀವ ಉಳಿಸಿಕೊಳ್ಳುವ ಮಾತು. ಎಲ್ಲದಕ್ಕೂ ಒಂದೇ ಹೆಸರಿಟ್ಟರೆ ಯಾವುದನ್ನು ಯಾಕೆ ಬಿಡುತ್ತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ.

ಎಷ್ಟು ದೂರದಿಂದ ಹೊಡೆಯಬೇಕು ಎನ್ನುವುದಂತೂ ನಿಜವಾಗಿ ಈ ಚೀಲಕ್ಕೆ ಸೇರಿದ್ದು. ಟರ್ಕಿಯ ತಲೆ, ಕುತ್ತಿಗೆಗೇ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ತಾಗಬೇಕು. ಆಗ ತಕ್ಷಣ ಸಾಯುತ್ತದೆ. 40 ಗಜದೊಳಗೆ ಬಂದರೆ ಮಾತ್ರ ಹೊಡಿ ಎನ್ನುವುದು ಹಳಬರ ಕಟ್ಟು. ಈಗ ಟಂಗ್‌ಸ್ಟನ್ ಚರೆಯ ತೋಟಾಗಳು ಬಂದಿವೆ, ಅವು ಇನ್ನೂ ದೂರ ಮುಟ್ಟುತ್ತವೆ. ದೂರದಿಂದ ಹೊಡೆದರೆ ಗಾಯಗೊಂಡು ಹೋಗಿ ಎಲ್ಲೋ ಪೊದೆಯಲ್ಲಿ ಸಾಯುವ ಸಾಧ್ಯತೆ ಜಾಸ್ತಿ. ಅದರ ಜೊತೆಗೆ ಕೂಗಿ ಕರೆಯುವ ಕಷ್ಟವೂ ಇಲ್ಲ. ಪ್ರಾಣಿ ಎಲ್ಲಿ ಓಡಾಡುತ್ತದೆ ಅಂತ ತಿಳಿಯಲು ಕಾಡಿನಲ್ಲಿ ಕಟ್ಟುವ ಕ್ಯಾಮೆರಾಗಳದ್ದೂ ಇಂಥದೇ ಕಥೆ. ಬೇಟೆಗೆ ಅವನ್ನು ಬಳಸುವಂತಿಲ್ಲ ಅಂತ ಅರಿಜೋನಾ 2022ರಿಂದ ನಿಯಮ ಮಾಡಿದೆ. ಆ ಚರ್ಚೆಯಲ್ಲೂ ಫೇರ್ ಚೇಸ್ ಎನ್ನುವ ಪದ ಬಂದಿತ್ತು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಗೇ ನಿಷೇಧವಿದೆ, ಹಾಗಾಗಿ ಈ ಪದಕ್ಕೆ ಕೆಲಸವಿಲ್ಲ. ನಾನೂ ಕೋವಿ ಹಿಡಿದವನಲ್ಲ. ಆದರೆ ಮಿಸೌರಿಯ ಆ ಮರದ ಬುಡದಲ್ಲಿ ಕೂತವನ ಬೆಳಗ್ಗೆ ಹೇಗೆ ಮುಗಿಯುತ್ತದೆ ಅಂತ ಹೇಳಬಲ್ಲೆ, ಯಾಕೆಂದರೆ ಟರ್ಕಿ ಬೇಟೆಯವರೆಲ್ಲ ಹೇಳುವ ಕಥೆ ಇದೇ. ಹುಂಜ ಇಳಿಯುತ್ತದೆ. ಇವನು ಪೆಟ್ಟಿಗೆ ಉಜ್ಜುತ್ತಾನೆ. ಹುಂಜ ಗುಳುಗುಳು ಅಂತ ಓಗೊಡುತ್ತದೆ, ನಾಲ್ಕು ಹೆಜ್ಜೆ ಇತ್ತ ಬರುತ್ತದೆ. ಅಷ್ಟರಲ್ಲಿ ಪೊದೆಯ ಆಚೆಯಿಂದ ನಿಜವಾದ ಹೇಂಟೆಯೊಂದು ಬರುತ್ತದೆ. ಹುಂಜ ಬಾಲ ಅರಳಿಸಿಕೊಂಡು ಅದರ ಹಿಂದೆ ಹೊರಟುಬಿಡುತ್ತದೆ. ಇವನು ಎದ್ದು ಪ್ಯಾಂಟಿಗೆ ಅಂಟಿದ ತರಗೆಲೆ ಕೊಡವಿಕೊಳ್ಳುತ್ತಾನೆ.