ಕೋಪನ್‌ಹೇಗನ್‌ನಲ್ಲಿ ಬೇಸಿಗೆಯ ನಾಲ್ಕು ದಿನ: ಯಾವಾಗ ಹೋಗಬೇಕು, ಏನನ್ನು ನೋಡಬೇಕು?

ಪ್ರಶ್ನೆ: ನಾವು ದಂಪತಿಗಳು. ಹಳೆಯ ಊರುಗಳು, ಕಟ್ಟಡಗಳು, ಪೀಠೋಪಕರಣಗಳ ವಿನ್ಯಾಸ ಇವುಗಳಲ್ಲಿ ಇಬ್ಬರಿಗೂ ಆಸಕ್ತಿಯಿದೆ. ಮುಂದಿನ ಬೇಸಿಗೆಯಲ್ಲಿ ನಾಲ್ಕು ದಿನ ಕೋಪನ್‌ಹೇಗನ್‌ನಲ್ಲಿ ಇರಬೇಕೆಂದಿದ್ದೇವೆ. ಯಾವ ತಿಂಗಳು ಒಳ್ಳೆಯದು? ಇಷ್ಟು ಕಡಿಮೆ ಅವಧಿಯನ್ನು ಹೇಗೆ ಹಂಚಿಕೊಳ್ಳಬೇಕು?

ಉತ್ತರ: ಕರ್ನಾಟಕದಲ್ಲಿ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬರುವುದರಿಂದ ಯೂರೋಪಿನ ಪ್ರವಾಸವನ್ನೂ ಅನೇಕರು ಅದೇ ಲೆಕ್ಕದಲ್ಲಿ ಗೊತ್ತುಮಾಡುತ್ತಾರೆ. ಆದರೆ ಏಪ್ರಿಲ್‌ನಲ್ಲಿ ಕೋಪನ್‌ಹೇಗನ್ ಇನ್ನೂ ಚಳಿಯಿಂದ ಹೊರಬರುತ್ತಿರುತ್ತದೆ. ಅಲ್ಲಿನ ಬೇಸಿಗೆ ಜೂನ್‌ನಿಂದ ಆಗಸ್ಟ್‌ವರೆಗೆ. ನಿಮಗೆ ಮಕ್ಕಳ ರಜೆಯ ಕಟ್ಟುಪಾಡು ಇಲ್ಲದಿದ್ದರೆ ಜೂನ್ ತಿಂಗಳ ಕೊನೆಯ ಹತ್ತು ದಿನಗಳನ್ನಾಗಲಿ ಆಗಸ್ಟ್‌ನ ದ್ವಿತೀಯಾರ್ಧವನ್ನಾಗಲಿ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಜುಲೈ ತಿಂಗಳಲ್ಲಿ ಡೆನ್ಮಾರ್ಕಿನ ಜನರಾದ ಡೇನರೇ ಸಾಮೂಹಿಕವಾಗಿ ರಜೆಯ ಮೇಲೆ ಹೋಗುತ್ತಾರೆ. ಸಣ್ಣ ಕಾರ್ಯಾಗಾರಗಳು, ಕೆಲವು ಉಪಾಹಾರ ಗೃಹಗಳು ಆ ವಾರಗಳಲ್ಲಿ ಬಾಗಿಲು ಹಾಕಿರುತ್ತವೆ. ಜೂನ್‌ನಲ್ಲಿ ‘ತ್ರೀ ಡೇಸ್ ಆಫ್ ಡಿಸೈನ್’ ಎಂಬ ಉತ್ಸವ ನಡೆಯುತ್ತದೆ. ಪೀಠೋಪಕರಣ ತಯಾರಕರು ತಮ್ಮ ಪ್ರದರ್ಶನಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುವ ಈ ಮೂರು ದಿನ ಆಸಕ್ತರಿಗೆ ಹಬ್ಬವೇ ಸರಿ, ಆದರೆ ಹೋಟೆಲು ಕೋಣೆಗಳ ಬೆಲೆಯೂ ಆಗ ಏರಿರುತ್ತದೆ. ಕಂಪನಿಗಳ ಹೊಸ ಸರಕಿಗಿಂತ ಊರನ್ನೇ ನೋಡುವುದು ನಿಮ್ಮ ಉದ್ದೇಶವಾದ್ದರಿಂದ ಉತ್ಸವ ಮುಗಿದ ಮೇಲೆ ಹೋಗುವುದೇ ಲೇಸು.

ತಿಂಗಳಿನ ಆಯ್ಕೆಗೆ ಇನ್ನೊಂದು ಕಾರಣ ಬೆಳಕು. ಉತ್ತರ ಅಕ್ಷಾಂಶ 55 ಡಿಗ್ರಿಗಿಂತ ಮೇಲಿರುವ ಈ ಊರಿನಲ್ಲಿ ಜೂನ್ ಕೊನೆಯ ವೇಳೆಗೆ ಸೂರ್ಯ ಬೆಳಗಿನ ನಾಲ್ಕೂವರೆಗೆ ಮೊದಲೇ ಹುಟ್ಟಿ, ರಾತ್ರಿ ಹತ್ತರ ಸುಮಾರಿಗೆ ಮುಳುಗುತ್ತಾನೆ. ಆಗಸ್ಟ್ ನಡುವಿಗೂ ಒಂಬತ್ತರ ಸಮೀಪದವರೆಗೆ ಬೆಳಕಿರುತ್ತದೆ. ಹೆಚ್ಚಿನ ವಸ್ತುಸಂಗ್ರಹಾಲಯಗಳು ಸಂಜೆ ಐದಾರು ಗಂಟೆಗೆ ಮುಚ್ಚುತ್ತವೆಯಾದರೂ ಆಮೇಲೆ ನಿಮಗೆ ಮೂರು ನಾಲ್ಕು ಗಂಟೆಗಳ ಒಳ್ಳೆಯ ಬಿಸಿಲು ಉಳಿದಿರುತ್ತದೆ. ಆದ್ದರಿಂದ ಒಳಾಂಗಣಗಳನ್ನು ಹಗಲಿಗೂ, ಬೀದಿ, ಬಂದರು, ಕಡಲತೀರಗಳನ್ನು ಸಂಜೆಗೂ ಇಟ್ಟುಕೊಂಡರೆ ನಾಲ್ಕು ದಿನಗಳು ಆರು ದಿನಗಳಷ್ಟು ಹಿಗ್ಗುತ್ತವೆ. ಹಗಲಿನ ಉಷ್ಣಾಂಶ ಬೇಸಿಗೆಯಲ್ಲೂ 20ರಿಂದ 22 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಮಳೆ ಹೇಳದೆ ಬರುತ್ತದೆ, ಗಾಳಿಯಂತೂ ಸದಾ ಬೀಸುತ್ತದೆ; ಛತ್ರಿಗಿಂತ ಮಳೆ ತಡೆಯುವ ಜಾಕೆಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದಿನಗಳನ್ನು ಹಂಚುವಾಗ ಮೊದಲು ಗಮನಿಸಬೇಕಾದದ್ದು ಸೋಮವಾರ. ವಿನ್ಯಾಸಾಸಕ್ತರಿಗೆ ಮುಖ್ಯವಾದ ಡಿಸೈನ್‌ಮ್ಯೂಸಿಯಂ ಡೆನ್ಮಾರ್ಕ್ ಮತ್ತು ಲೂಯಿಸಿಯಾನಾ ಕಲಾ ಸಂಗ್ರಹಾಲಯ ಎರಡಕ್ಕೂ ಅಂದು ರಜೆ. ಮಂಗಳವಾರದಿಂದ ಶುಕ್ರವಾರದವರೆಗಿನ ನಾಲ್ಕು ದಿನಗಳು ಎಲ್ಲಕ್ಕಿಂತ ಅನುಕೂಲಕರ.

ಮೊದಲ ದಿನವನ್ನು ಡಿಸೈನ್‌ಮ್ಯೂಸಿಯಂನಿಂದ ಆರಂಭಿಸಿ. ಇಲ್ಲಿ ನೋಡಿದ್ದು ಮುಂದಿನ ಮೂರು ದಿನಗಳಿಗೆ ಕಣ್ಣನ್ನು ಸಿದ್ಧಪಡಿಸುತ್ತದೆ. ಕಟ್ಟಡವೇ ಒಂದು ಇತಿಹಾಸ: ಇದು 1750ರ ದಶಕದಲ್ಲಿ ಬಡವರ ಚಿಕಿತ್ಸೆಗೆಂದು ಕಟ್ಟಿದ ಫ್ರೆಡರಿಕ್ ಆಸ್ಪತ್ರೆ, ತತ್ತ್ವಜ್ಞಾನಿ ಕಿರ್ಕೆಗಾರ್ಡ್ 1855ರಲ್ಲಿ ಕೊನೆಯುಸಿರೆಳೆದದ್ದೂ ಇಲ್ಲಿಯೇ. 1920ರ ದಶಕದಲ್ಲಿ ಆಸ್ಪತ್ರೆಯನ್ನು ಸಂಗ್ರಹಾಲಯವಾಗಿ ಮಾರ್ಪಡಿಸಿದವರಲ್ಲಿ ಪ್ರಮುಖನಾದ ಕೋರೆ ಕ್ಲಿಂಟ್, ರಾಜ ಕಲಾ ಅಕಾಡೆಮಿಯಲ್ಲಿ ಪೀಠೋಪಕರಣ ವಿನ್ಯಾಸದ ಪಾಠವನ್ನೂ ಆರಂಭಿಸಿದವನು. ಹೊಸ ಕುರ್ಚಿ ಮಾಡುವವರು ಮೊದಲು ಹಳೆಯ ಕುರ್ಚಿಗಳನ್ನು ಅಳೆದು ನೋಡಬೇಕು, ಮನುಷ್ಯನ ದೇಹದ ಅಳತೆಯನ್ನು ತಿಳಿಯಬೇಕು ಎಂಬುದು ಅವನ ಬೋಧನೆ. ಇಲ್ಲಿನ ಕುರ್ಚಿಗಳ ವಿಭಾಗದಲ್ಲಿ ಒಂದೊಂದಕ್ಕೂ ಪ್ರತ್ಯೇಕ ಗೂಡು ಮಾಡಿ ಇಟ್ಟಿರುವ ಸಾಲನ್ನು ನಿಧಾನವಾಗಿ ನೋಡುತ್ತ ಹೋದರೆ ಆ ಬೋಧನೆಯ ಫಲ ಕಾಣುತ್ತದೆ. ಡೆನ್ಮಾರ್ಕಿನ ಕುರ್ಚಿ ವಿನ್ಯಾಸಕ ಹಾನ್ಸ್ ವೆಗ್ನರ್ ಚೀನಾದ ಮಿಂಗ್ ಕಾಲದ ಕುರ್ಚಿಗಳಿಂದ ಪ್ರೇರಣೆ ಪಡೆದು ಹಲವು ಕುರ್ಚಿಗಳನ್ನು ರಚಿಸಿದ. ಬೆನ್ನಿನ ಕಡೆ ಕವಲೊಡೆದ ಪಟ್ಟಿಯುಳ್ಳ, 1949ರಲ್ಲಿ ರೂಪಿಸಿದ ಅವನ ವಿಶ್‌ಬೋನ್ ಕುರ್ಚಿಯ ಆಸನಕ್ಕೆ ಸುಮಾರು 120 ಮೀಟರ್ ಉದ್ದದ ಕಾಗದದ ಹುರಿಯನ್ನು ಇಂದಿಗೂ ಕೈಯಿಂದಲೇ ಹೆಣೆಯುತ್ತಾರೆ. ಇಲ್ಲಿ ಅರ್ಧ ದಿನ ಕೊಡಲು ಹಿಂಜರಿಯಬೇಡಿ.

ಅದೇ ದಿನದ ಮಿಕ್ಕ ಹೊತ್ತಿಗೆ ಹಳೆಯ ಊರು ಸಾಕು. ಮಧ್ಯಯುಗದ ಕೋಪನ್‌ಹೇಗನ್‌ನ ಬಹುಪಾಲು ಇಂದು ಉಳಿದಿಲ್ಲ. 1728 ಮತ್ತು 1795ರ ಬೆಂಕಿ, 1807ರಲ್ಲಿ ಬ್ರಿಟಿಷ್ ಪಡೆಗಳು ನಡೆಸಿದ ಫಿರಂಗಿ ದಾಳಿ ಅದನ್ನು ನುಂಗಿದವು. ಹಳೆಯ ಊರಿನ ಅಡ್ಡರಸ್ತೆಗಳಲ್ಲಿ ನಿಂತು ಮೂಲೆಮನೆಗಳನ್ನು ಗಮನಿಸಿ: ಅವುಗಳ ಮೂಲೆಗಳು ಚೂಪಾಗಿರದೆ ಓರೆಯಾಗಿ ಕತ್ತರಿಸಿದಂತಿರುತ್ತವೆ. ಬೆಂಕಿ ಆರಿಸುವವರ ಉದ್ದನೆಯ ಏಣಿಬಂಡಿಗಳು ಸಲೀಸಾಗಿ ತಿರುಗಲಿ ಎಂದು 1795ರ ನಂತರ ಮಾಡಿದ ಕಟ್ಟಳೆ ಇದು. ಅಲಂಕಾರಕ್ಕೆಂದು ಹುಟ್ಟದ ಈ ಆಕಾರವೇ ಇಂದು ಆ ಬೀದಿಗಳ ಸೊಬಗಾಗಿದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಊರಿನ ವಿನ್ಯಾಸದ ಗುಣವನ್ನು ಯಾವ ಪ್ರದರ್ಶನಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ. ದೊರೆ ನಾಲ್ಕನೆಯ ಕ್ರಿಶ್ಚಿಯನ್ ಕಟ್ಟಿಸಿ 1642ರಲ್ಲಿ ಮುಗಿದ ರೌಂಡ್ ಟವರ್‌ನೊಳಗೆ ಮೆಟ್ಟಿಲುಗಳ ಬದಲಾಗಿ 209 ಮೀಟರ್ ಉದ್ದದ ಸುರುಳಿ ಇಳಿಜಾರು ಇದೆ. ಹತ್ತುವುದು ಸುಲಭ, ಮೇಲಿನಿಂದ ಕೆಂಪು ಹೆಂಚಿನ ಊರು ಪೂರ್ತಿ ಕಾಣುತ್ತದೆ. ತಮಿಳುನಾಡಿನ ಕಡಲತೀರದ ತರಂಗಂಬಾಡಿ 1620ರಲ್ಲಿ ಡೇನರ ನೆಲೆಯಾದದ್ದೂ ಇದೇ ದೊರೆಯ ಆಳ್ವಿಕೆಯಲ್ಲಿ. ಅವನ ಕಾಲದ ಹಳೆಯ ಷೇರು ವಿನಿಮಯ ಭವನ 2024ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ ತನ್ನ ಪ್ರಸಿದ್ಧ ಗೋಪುರವನ್ನು ಕಳೆದುಕೊಂಡಿತು. ಸಮಯ ಉಳಿದರೆ ರೋಸೆನ್‌ಬೋರ್ಗ್ ಅರಮನೆಯ ಉದ್ಯಾನದ ಎದುರಿಗಿರುವ ಡೇವಿಡ್ ಸಂಗ್ರಹಕ್ಕೆ ಹೋಗಿ. ಪ್ರವೇಶ ಉಚಿತವಾಗಿರುವ ಈ ಮನೆಯಲ್ಲಿ ಇಸ್ಲಾಮಿಕ್ ಕಲೆಯ ಶ್ರೇಷ್ಠ ಕೃತಿಗಳ ನಡುವೆ ಮೊಘಲ್ ಮತ್ತು ದಖನಿ ಕಿರುಚಿತ್ರಗಳೂ ಇವೆ.

ಎರಡನೆಯ ದಿನ ಹೆಚ್ಚಿನ ಪ್ರವಾಸಿಗರು ಹೋಗದ ಒಂದು ಕಡೆಗೆ ಹೋಗಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನಗರದ ವಾಯವ್ಯದಲ್ಲಿರುವ ಬಿಸ್ಪೆಬ್ಯರ್ಗ್ ದಿಬ್ಬದ ಮೇಲೆ ಗ್ರುಂಡ್‌ವಿಗ್ ಚರ್ಚು ಇದೆ. ಕೋರೆ ಕ್ಲಿಂಟ್‌ನ ತಂದೆ ಯೆನ್ಸನ್ ಕ್ಲಿಂಟ್ ಇದನ್ನು ರೂಪಿಸಿದ. 1921ರಲ್ಲಿ ಕೆಲಸ ಆರಂಭವಾಯಿತು, 1930ರಲ್ಲಿ ತಂದೆ ತೀರಿಕೊಂಡ, ಮಗ 1940ರಲ್ಲಿ ಅದನ್ನು ಮುಗಿಸಿದ. ಡೆನ್ಮಾರ್ಕಿನ ಹಳ್ಳಿಯ ಚರ್ಚುಗಳ ಮೆಟ್ಟಿಲು ಮೆಟ್ಟಿಲಾದ ಮಾಡುಗೋಡೆಯನ್ನು ಗಗನಕ್ಕೆ ಎಳೆದಂತಿರುವ ಮುಂಭಾಗ, ಒಳಗೆ ಗಾಥಿಕ್ ಶೈಲಿಯ ಎತ್ತರದ ಕಂಬಸಾಲು. ಇದೆಲ್ಲವೂ ಹಳದಿ ಇಟ್ಟಿಗೆಯದು. 50 ಲಕ್ಷಕ್ಕೂ ಹೆಚ್ಚು ಇಟ್ಟಿಗೆಗಳನ್ನು ಬಳಸಲಾಗಿದೆ. ಒಳಗೆ ಬಣ್ಣದ ಗಾಜಿಲ್ಲ, ಗೋಡೆಚಿತ್ರಗಳಿಲ್ಲ, ಚಿನ್ನದ ಲೇಪವಿಲ್ಲ. ಕಿಟಕಿಯ ಬೆಳಕು ಇಟ್ಟಿಗೆಯ ಮೇಲೆ ಸರಿಯುವುದೊಂದೇ ಅಲಂಕಾರ. ಕೂರಲು ಸಾಲುಬೆಂಚುಗಳ ಬದಲು ಮಗ ರೂಪಿಸಿದ ಬೀಚ್ ಮರದ ಸರಳ ಕುರ್ಚಿಗಳಿವೆ, ಮತ್ತು ಅವುಗಳ ಮೇಲೆ ಯಾರು ಬೇಕಾದರೂ ಕೂರಬಹುದು. ಹಿಂದಿನ ದಿನ ಗೂಡುಗಳಲ್ಲಿ ನೋಡಿದ ಕುರ್ಚಿಗಳ ಬಂಧುವೊಂದರ ಮೇಲೆ ಅರ್ಧ ಗಂಟೆ ಕುಳಿತಾಗ, ಬೆನ್ನಿಗೂ ಮರಕ್ಕೂ ಇರುವ ಸಂಬಂಧ ವಿವರಣೆಯಿಲ್ಲದೆ ತಿಳಿಯುತ್ತದೆ. ಸುತ್ತಲಿನ ಮನೆಗಳನ್ನೂ ಅದೇ ಇಟ್ಟಿಗೆಯಲ್ಲಿ ಕಟ್ಟಿರುವುದರಿಂದ ಚರ್ಚು ಬಡಾವಣೆಯಿಂದ ಬೇರೆಯಾಗಿ ನಿಲ್ಲುವುದಿಲ್ಲ. ಅಲ್ಲಿಂದ ಮರಳಿ ಸಂಜೆಯನ್ನು 1843ರಿಂದ ಇರುವ ಟಿವೊಲಿ ಉದ್ಯಾನಕ್ಕೆ ಕೊಡಬಹುದು, ಆದರೆ ಜನಜಂಗುಳಿ ನಿಮಗೆ ಒಗ್ಗದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಮೂರನೆಯ ದಿನ ಉತ್ತರದ ಕರಾವಳಿ ರೈಲಿಗೆ ಮೀಸಲು. ಮುಖ್ಯ ನಿಲ್ದಾಣದಿಂದ ಮುಕ್ಕಾಲು ಗಂಟೆಗೂ ಕಡಿಮೆ ಸಮಯದಲ್ಲಿ ಹುಮ್ಲೆಬೆಕ್ ಸಿಗುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ 1958ರಲ್ಲಿ ಆರಂಭವಾದ ಲೂಯಿಸಿಯಾನಾ. ವಾಸ್ತುಶಿಲ್ಪಿಗಳಾದ ಯೋರ್ಗನ್ ಬೋ ಮತ್ತು ವಿಲ್ಹೆಲ್ಮ್ ವೊಲ್ಲರ್ಟ್ ಹಳೆಯ ಬಂಗಲೆಯೊಂದಕ್ಕೆ ತಗ್ಗಾದ ಗಾಜಿನ ಓಣಿಗಳನ್ನು ಜೋಡಿಸಿ, ಮರಗಳ ನಡುವೆ ತಿರುಗಿಸಿ, ಕೊನೆಗೆ ಕಡಲ ಎದುರು ತಂದು ನಿಲ್ಲಿಸಿದ್ದಾರೆ. ಚಿತ್ರದಿಂದ ಕಣ್ಣೆತ್ತಿದರೆ ಹುಲ್ಲುಹಾಸು, ಹುಲ್ಲುಹಾಸಿನ ಅಂಚಿನಲ್ಲಿ ಅಮೆರಿಕದ ಶಿಲ್ಪಿ ಕಾಲ್ಡರ್‌ನ ಲೋಹಶಿಲ್ಪ, ಅದರಾಚೆ ನೀರು, ನೀರಿನಾಚೆ ಸ್ವೀಡನ್. ವಾರದ ದಿನಗಳಲ್ಲಿ ಇದು ರಾತ್ರಿ ಹತ್ತರವರೆಗೆ ತೆರೆದಿರುವುದರಿಂದ ಅವಸರ ಬೇಡ. ಹಿಂದಿರುಗುವಾಗ ಕ್ಲಾಂಪೆನ್‌ಬೋರ್ಗ್‌ನಲ್ಲಿ ಇಳಿಯಿರಿ. ಬೆಲ್ವ್ಯೂ ಕಡಲತೀರದ ನೀಲಿ ಪಟ್ಟೆಯ ಕಾವಲುಗೋಪುರಗಳು, ಪಕ್ಕದ ಬೆಲ್ಲಾವಿಸ್ತಾ ವಸತಿ ಕಟ್ಟಡ, ರಂಗಮಂದಿರ ಎಲ್ಲವೂ ಆರ್ನೆ ಯಾಕೊಬ್ಸನ್ 1930ರ ದಶಕದಲ್ಲಿ ರೂಪಿಸಿದವು. ಎಗ್ ಕುರ್ಚಿಯ ಮೂಲಕ ಜಗತ್ತು ಬಲ್ಲ ಈ ವಿನ್ಯಾಸಕ ಸ್ನಾನದ ತೀರವೊಂದಕ್ಕೂ ಅದೇ ಶ್ರದ್ಧೆ ತೋರಿದ್ದಾನೆ. ಇದೇ ರೈಲಿನ ಕೊನೆಯ ನಿಲ್ದಾಣವಾದ ಹೆಲ್ಸಿಂಗೋರ್‌ನ ಕ್ರೋನ್‌ಬೋರ್ಗ್ ಕೋಟೆಯನ್ನೂ ಸೇರಿಸಿಕೊಳ್ಳುವ ಆಸೆಯಾಗಬಹುದು. ನಾಲ್ಕೇ ದಿನಗಳ ಪ್ರವಾಸದಲ್ಲಿ ಅದನ್ನು ಬಿಡುವುದು ಒಳಿತು.

ಕೊನೆಯ ದಿನ ಬಂದರಿಗೆ. ಒಂದು ಕಾಲದಲ್ಲಿ ಚರಂಡಿ ಮತ್ತು ಕೈಗಾರಿಕೆಯ ನೀರಿನಿಂದ ಕೆಟ್ಟಿದ್ದ ಬಂದರನ್ನು ನಗರಸಭೆ ಶುದ್ಧಗೊಳಿಸಿ, 2002ರಲ್ಲಿ ಇಸ್ಲಾಂಡ್ಸ್ ಬ್ರಿಗ್ಗೆಯಲ್ಲಿ ಈಜುತಾಣ ತೆರೆಯಿತು. ಪ್ರವೇಶ ಉಚಿತ, ಆದರೆ ಗುರುತು ಮಾಡಿದ ಜಾಗಗಳಲ್ಲಿ ಮಾತ್ರ ಈಜಬೇಕು. ಪ್ರವಾಸಿ ದೋಣಿಯ ಬದಲು ಸಾಮಾನ್ಯ ಬಸ್ ಟಿಕೆಟ್ಟಿನಲ್ಲೇ ಸಾಗುವ ಬಂದರು ದೋಣಿಯನ್ನು ಹತ್ತಿದರೆ ರಾಯಲ್ ಲೈಬ್ರರಿಯ ಕಪ್ಪು ಕಟ್ಟಡ, ರಾಜ ರಂಗಭೂಮಿ, ಆಪೆರಾ ಭವನ ಒಂದರ ಹಿಂದೊಂದು ಕಾಣುತ್ತವೆ. ಬಾಡಿಗೆ ಸೈಕಲ್ ತೆಗೆದುಕೊಳ್ಳುವುದಾದರೆ ಒಂದು ಎಚ್ಚರ: ನಾವು ರಸ್ತೆಯ ಎಡಕ್ಕೆ ಹೋಗುವವರು, ಅವರು ಬಲಕ್ಕೆ. ಎಡಕ್ಕೆ ತಿರುಗಬೇಕಾದಾಗ ಕಾರುಗಳ ಜೊತೆ ನಡುರಸ್ತೆಗೆ ಹೋಗಬಾರದು. ನೇರವಾಗಿ ದಾಟಿ, ಆಚೆ ಬದಿಯಲ್ಲಿ ಕಾದು, ಹಸಿರು ದೀಪ ಬಂದ ಮೇಲೆ ಮುಂದುವರಿಯಬೇಕು. ಕೆಲಸಕ್ಕೆ ಹೋಗುವವರ ಬೆಳಗಿನ ದಟ್ಟಣೆ ಮುಗಿದ ಮೇಲೆ ಹೊರಡುವುದು ಕ್ಷೇಮ.

ಇನ್ನುಳಿದ ವಿಷಯಗಳು. ವಿಮಾನ ನಿಲ್ದಾಣದಿಂದ ಚಾಲಕರಿಲ್ಲದ ಮೆಟ್ರೊ ಸುಮಾರು ಕಾಲು ಗಂಟೆಯಲ್ಲಿ ನಗರದ ನಡುವಿಗೆ ತಲುಪಿಸುತ್ತದೆ, ಹಗಲು ರಾತ್ರಿ ಓಡುತ್ತದೆ. ಆದ್ದರಿಂದ ಊರ ನಡುವಿನ ದುಬಾರಿ ಹೋಟೆಲಿಗಿಂತ ಮೆಟ್ರೊ ನಿಲ್ದಾಣದ ಪಕ್ಕದ, ಅಡುಗೆಮನೆಯಿರುವ ವಸತಿಯನ್ನು ಹುಡುಕಿ. ಬಸ್ಸು, ರೈಲು, ಮೆಟ್ರೊಗಳಿಗೆ ಒಟ್ಟಾಗಿ ನಡೆಯುವ ಸಿಟಿ ಪಾಸ್ ಕೊಳ್ಳುವುದಾದರೆ ಚಿಕ್ಕ ಪಾಸ್ ಹುಮ್ಲೆಬೆಕ್‌ವರೆಗೆ ನಡೆಯುವುದಿಲ್ಲ ಎಂಬುದು ನೆನಪಿರಲಿ. ನಾಣ್ಯ ಯೂರೊ ಅಲ್ಲ, ಡ್ಯಾನಿಶ್ ಕ್ರೋನ. ಎಲ್ಲೆಡೆ ಕಾರ್ಡ್ ಸಾಕು. ಸಸ್ಯಾಹಾರಿಗಳಾದರೆ ನೊರೆಪೋರ್ಟ್ ನಿಲ್ದಾಣದ ಬಳಿಯ ಟೋರ್ವೆಹಾಲರ್ನೆ ಮಾರುಕಟ್ಟೆಯಲ್ಲಿ ಬ್ರೆಡ್, ಚೀಸ್, ಹಣ್ಣು, ತರಕಾರಿ ಸಿಗುತ್ತವೆ; ರೈ ಬ್ರೆಡ್ಡಿನ ಮೇಲೆ ಬೇಯಿಸಿದ ಆಲೂಗಡ್ಡೆ ಹಚ್ಚಿದ ತಿನಿಸು ಅಲ್ಲಿನ ಹಳೆಯ ಪದ್ಧತಿಯದೇ, ಆದರೆ ಮೇಲೆ ಬೇಕನ್ ಉದುರಿಸುತ್ತಾರೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊಗಳ ಪ್ರಯಾಣ ವಿಮೆ ಕಡ್ಡಾಯ. ಜೂನ್‌ಗೆ ಹೋಗುವವರು ಫೆಬ್ರುವರಿ, ಮಾರ್ಚ್ ವೇಳೆಗೆ ಅರ್ಜಿ ಸಲ್ಲಿಸಿ, ಕೋಣೆಯನ್ನು ಅದಕ್ಕೂ ಮೊದಲು ರದ್ದು ಮಾಡಬಹುದಾದ ಷರತ್ತಿನ ಮೇಲೆ ಕಾದಿರಿಸಿಕೊಳ್ಳಿ.