ಕ್ಲಚ್ ಪೆಡಲ್ ಹೋಯಿತು, ಕ್ಲಚ್ ಹೋಗಿಲ್ಲ

ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. 15 ವರ್ಷದ ಹಿಂದೆ ನನ್ನ ಹತ್ತಿರವೇ ಡ್ರೈವಿಂಗ್ ಕಲಿತವರು. ಮೊಣಕಾಲು ನೋವು ಜಾಸ್ತಿಯಾಗಿ ಹಳೇ ಮ್ಯಾನುಯಲ್ ಕಾರು ಮಾರಿ, ಆಟೋಮ್ಯಾಟಿಕ್ ತಗೊಂಡಿದ್ದಾರೆ. "ನೋಡಪ್ಪಾ, ಬೇಸ್‌ಮೆಂಟಿನಿಂದ ಮೇಲೆ ಬರೋವಾಗ ದಿನಾ ಸುಟ್ಟ ವಾಸನೆ. ಗಾಡಿ ಬಂದು ಎರಡು ತಿಂಗಳೂ ಆಗಿಲ್ಲ" ಅಂದರು.

ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಅವರ ಅಪಾರ್ಟ್‌ಮೆಂಟಿನ ರ‍್ಯಾಂಪ್ ಸಾಕಷ್ಟು ಕಡಿದಾಗಿದೆ. ಅದರ ತುದಿಯಲ್ಲೇ ಗೇಟು, ಗೇಟಿನ ಆಚೆ ರಸ್ತೆ. ರಸ್ತೆಯಲ್ಲಿ ಗಾಡಿಗಳು ಕಮ್ಮಿಯಾಗುವವರೆಗೆ ಕಾಯಲೇಬೇಕು. ಮೇಷ್ಟ್ರು ಬ್ರೇಕ್ ಒತ್ತಿರಲಿಲ್ಲ. ಆಕ್ಸಿಲರೇಟರನ್ನು ಹದವಾಗಿ ಒತ್ತಿಕೊಂಡು, ಗಾಡಿ ಹಿಂದೆಯೂ ಹೋಗದ ಹಾಗೆ, ಮುಂದೆಯೂ ಹೋಗದ ಹಾಗೆ ನಿಲ್ಲಿಸಿಕೊಂಡಿದ್ದರು. ನಿಜ ಹೇಳಬೇಕೆಂದರೆ ಬಹಳ ನಾಜೂಕಾಗಿಯೇ ನಿಲ್ಲಿಸಿದ್ದರು. ಅರ್ಧ ನಿಮಿಷಕ್ಕೆ ವಾಸನೆ ಬಂತು.

"ಮೇಷ್ಟ್ರೇ, ಕ್ಲಚ್ ಪ್ಲೇಟ್ ಸುಡ್ತಿದೆ."

"ಕ್ಲಚ್ಚೇ ಇಲ್ವಲ್ಲಪ್ಪಾ ಇದರಲ್ಲಿ! ಗೇರು, ಕ್ಲಚ್ಚು ಯಾವುದರ ಯೋಚನೆಯೂ ಬೇಡ ಅಂದ್ರು ಶೋರೂಮಿನಲ್ಲಿ."

22 ವರ್ಷದಿಂದ ಬೆಂಗಳೂರಿನಲ್ಲಿ ಡ್ರೈವಿಂಗ್ ಕಲಿಸುತ್ತಿದ್ದೇನೆ. ಆಟೋಮ್ಯಾಟಿಕ್ ತಗೊಂಡವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಇದೇ. ಮಾಯವಾಗಿರುವುದು ಕಾಲ ಕೆಳಗಿನ ಪೆಡಲ್ ಮಾತ್ರ. ಎಂಜಿನ್ ಓಡುತ್ತಿರುವಾಗಲೇ ಚಕ್ರ ನಿಂತಿರಬೇಕು, ಆಮೇಲೆ ಮೆಲ್ಲಗೆ ಅದನ್ನು ಹಿಡಿದುಕೊಂಡು ಹೊರಡಬೇಕು ಅಂದರೆ, ನಡುವೆ ಯಾರಾದರೂ ಜಾರುತ್ತಾ ಹೊಂದಿಸಿಕೊಡಲೇಬೇಕು. ಮೊದಲು ಆ ಕೆಲಸ ನಿಮ್ಮ ಎಡಗಾಲಿನದ್ದಾಗಿತ್ತು. ಈಗ ಬೇರೆ ಯಾರೋ ಮಾಡುತ್ತಿದ್ದಾರೆ. ಆ 'ಯಾರೋ' ಯಾರು ಅಂತ ತಿಳಿದುಕೊಳ್ಳದೆ ಓಡಿಸುವುದರಿಂದಲೇ ಮುಕ್ಕಾಲು ಪಾಲು ತೊಂದರೆ ಬರುವುದು.

ಯಾಕೆಂದರೆ 'ಆಟೋಮ್ಯಾಟಿಕ್' ಅನ್ನುವುದು ಒಂದು ಯಂತ್ರದ ಹೆಸರಲ್ಲ. ನಮ್ಮಲ್ಲಿ ಈ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತಿವೆ.

ಮೇಷ್ಟ್ರದ್ದು ಎಎಂಟಿ. 2014ರಲ್ಲಿ ಮಾರುತಿಯ ಸೆಲೆರಿಯೊ ಜೊತೆ ಇದು ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂತು. ಸಣ್ಣ ಕಾರುಗಳಲ್ಲಿ ಮ್ಯಾನುಯಲ್‌ಗಿಂತ ಸಾಮಾನ್ಯವಾಗಿ 50 ಸಾವಿರದ ಆಸುಪಾಸು ಜಾಸ್ತಿ ಕೊಟ್ಟರೆ ಸಿಗುತ್ತದೆ. ಮೈಲೇಜ್ ಕೂಡ ಮ್ಯಾನುಯಲ್ ಹತ್ತಿರ ಹತ್ತಿರವೇ ಇರುತ್ತದೆ. ಇಷ್ಟು ಅಗ್ಗಕ್ಕೆ ಹೇಗೆ ಸಾಧ್ಯ? ಒಳಗಿರುವುದು ಮ್ಯಾನುಯಲ್ ಗೇರ್ ಬಾಕ್ಸೇ, ಅದಕ್ಕೆ. ಅದೇ ಕ್ಲಚ್ ಪ್ಲೇಟ್, ಅದೇ ಪ್ರೆಶರ್ ಪ್ಲೇಟ್. ಕ್ಲಚ್ ಒತ್ತುವುದಕ್ಕೆ, ಗೇರ್ ಹಾಕುವುದಕ್ಕೆ ಮಾತ್ರ ಕಂಪ್ಯೂಟರ್ ಹೇಳಿದ ಹಾಗೆ ಕೇಳುವ ಒಂದು ಯಂತ್ರದ ಕೈ ಸೇರಿಸಿದ್ದಾರೆ. ಗಾಡಿಯೊಳಗೆ ಒಬ್ಬ ಕಾಣದ ಡ್ರೈವರ್ ಕೂತು ಎಡಗಾಲಿನ ಕೆಲಸ ಮಾಡುತ್ತಿದ್ದಾನೆ ಅಂದುಕೊಳ್ಳಿ.

ಹಾಗಾಗಿ ದಿಣ್ಣೆಯ ಮೇಲೆ ನೀವು ಆಕ್ಸಿಲರೇಟರ್ ಒತ್ತಿ ನಿಂತರೆ ಆ ಕಾಣದ ಡ್ರೈವರ್ ಹಾಫ್ ಕ್ಲಚ್ಚಿನಲ್ಲಿ, ಅಂದರೆ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು, ನಿಲ್ಲುತ್ತಾನೆ. ಪ್ಲೇಟ್ ಉಜ್ಜುತ್ತದೆ, ಕಾಯುತ್ತದೆ, ವಾಸನೆ ಬರುತ್ತದೆ. ಮ್ಯಾನುಯಲ್‌ನಲ್ಲಿ ಹೀಗೆ ಮಾಡಿದವರಿಗೆ ನಾವು ಬೈಯುತ್ತಿದ್ದೆವು. ಇಲ್ಲಿ ಕಾಲಿಗೆ ಏನೂ ಗೊತ್ತಾಗುವುದಿಲ್ಲ, ಬೈಯುವವರೂ ಇಲ್ಲ. ಬಿಲ್ ಬಂದಾಗಲೇ ಗೊತ್ತಾಗುವುದು.

ಮೇಷ್ಟ್ರಿಗೆ ಹೇಳಿಕೊಟ್ಟದ್ದು 15 ವರ್ಷದ ಹಿಂದೆ ಹೇಳಿಕೊಟ್ಟ ಪಾಠವನ್ನೇ. ರ‍್ಯಾಂಪ್ ಮೇಲೆ ನಿಲ್ಲಬೇಕಾದರೆ ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಹೊರಡುವಾಗ ಆಕ್ಸಿಲರೇಟರ್ ಸ್ವಲ್ಪ ಕೊಡಿ. ಗಾಡಿ ಮುಂದಕ್ಕೆ ಎಳೆಯುವುದು ಮೈಗೆ ಗೊತ್ತಾದ ಕೂಡಲೇ ಹ್ಯಾಂಡ್ ಬ್ರೇಕ್ ಇಳಿಸಿ. ಹೊಸ ಗಾಡಿಗಳಲ್ಲಿ ಹಿಲ್ ಹೋಲ್ಡ್ ಇರುತ್ತದೆ, ನಿಜ. ಆದರೆ ಅದು ಬ್ರೇಕಿನಿಂದ ಕಾಲು ತೆಗೆದ ಮೇಲೆ ಎರಡು ಮೂರು ಸೆಕೆಂಡ್ ಹಿಡಿದುಕೊಳ್ಳುತ್ತದೆ, ಅಷ್ಟೇ. ಗೇಟಿನವನು ಬೀಗ ಹುಡುಕುವವರೆಗೆ ಕಾಯುವುದಿಲ್ಲ.

ಎಎಂಟಿಯ ಇನ್ನೊಂದು ದೂರು, ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗುತ್ತದೆ ಅನ್ನುವುದು. ಕಾಣದ ಡ್ರೈವರ್ ಕ್ಲಚ್ ಒತ್ತಿದಾಗ ಒಂದು ಗಳಿಗೆ ಎಳೆತ ನಿಲ್ಲುತ್ತದಲ್ಲ, ಅದರ ತೂಗಾಟ ಅದು. ನಾವು ಮ್ಯಾನುಯಲ್‌ನಲ್ಲಿ ಗೇರ್ ಬದಲಿಸುವಾಗ ಆಕ್ಸಿಲರೇಟರಿನಿಂದ ಕಾಲು ಸಡಿಲಿಸುತ್ತಿರಲಿಲ್ಲವೇ? ಇಲ್ಲೂ ಹಾಗೇ ಮಾಡಿ. ಗೇರ್ ಬೀಳುವ ಹೊತ್ತಿಗೆ ಕಾಲು ಚೂರು ಸಡಿಲ ಬಿಟ್ಟರೆ ಹಿಂದಿನ ಸೀಟಿನಲ್ಲಿ ಅಮ್ಮ ಕಾಫಿ ಕುಡಿಯಬಹುದು.

ಎರಡನೆಯದು ಹಳೇ ಕಾಲದ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್. ಅಮೆರಿಕದಲ್ಲಿ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಅಂತ ಬಂತಲ್ಲ, ಆ ಕಡೆಯ ಸಂತತಿ. ಎರಡು ಫ್ಯಾನ್ ಎದುರು ಬದುರಾಗಿ ಇಟ್ಟು ಒಂದನ್ನು ಹಾಕಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಾಗ ಎಣ್ಣೆ ಜಾರುತ್ತದೆ, ಸವೆಯುವುದಕ್ಕೆ ಪ್ಲೇಟ್ ಇಲ್ಲ. ಬ್ರೆಝಾ, ಎಕ್ಸ್‌ಯುವಿ 700 ಇಂಥವುಗಳಲ್ಲಿ ಇದೇ ಇರುವುದು. ಟ್ರಾಫಿಕ್ಕಿಗೆ ಇದಕ್ಕಿಂತ ತಾಳ್ಮೆಯ ಪ್ರಾಣಿ ಇಲ್ಲ ಅಂತ ನನ್ನ ಅಭಿಪ್ರಾಯ. ದುಡ್ಡು ಜಾಸ್ತಿ, ಪೆಟ್ರೋಲೂ ಸ್ವಲ್ಪ ಜಾಸ್ತಿ.

ಮೂರನೆಯದು ಸಿವಿಟಿ. ಇದನ್ನು ವಿವರಿಸುವುದು ಸುಲಭ. ನಿಮ್ಮ ಮನೆಯ ಸ್ಕೂಟರಿನಲ್ಲಿ ಇರುವುದೇ ಇದು. ಕೈನೆಟಿಕ್ ಹೋಂಡಾ ಕಾಲದಿಂದ ನಾವು 'ಗೇರ್‌ಲೆಸ್ ಗಾಡಿ' ಅಂತ ಓಡಿಸಿಕೊಂಡು ಬಂದದ್ದು ಬೆಲ್ಟ್ ಮತ್ತು ಎರಡು ಪುಲ್ಲಿಗಳ ಸಿವಿಟಿಯನ್ನೇ. ಕಾರಿನಲ್ಲಿ ಬೆಲ್ಟು ಉಕ್ಕಿನದ್ದು, ಅಷ್ಟು ವ್ಯತ್ಯಾಸ. ಹೋಂಡಾ ಸಿಟಿ, ಅಮೇಜ್‌ಗಳಲ್ಲಿದೆ. ಗೇರ್ ಅಂತ ಮೆಟ್ಟಿಲುಗಳೇ ಇಲ್ಲದ್ದರಿಂದ ಬೆಣ್ಣೆಯ ಹಾಗೆ ಹೋಗುತ್ತದೆ. ಆದರೆ ಓವರ್‌ಟೇಕ್ ಮಾಡಲು ಪೂರ್ತಿ ಒತ್ತಿದರೆ ಎಂಜಿನ್ ಮೊದಲು ಕಿರುಚುತ್ತದೆ, ಗಾಡಿ ಆಮೇಲೆ ಓಡುತ್ತದೆ. ಹಾಗಾಗಿ ಹೈವೇಯಲ್ಲಿ ಲಾರಿ ದಾಟುವ ಲೆಕ್ಕವನ್ನು ಸ್ವಲ್ಪ ಮುಂಚೆಯೇ ಹಾಕಿಕೊಳ್ಳಬೇಕು.

ನಾಲ್ಕನೆಯದು ಡಿಸಿಟಿ. ಫೋಕ್ಸ್‌ವ್ಯಾಗನ್ ಇದನ್ನೇ ಡಿಎಸ್‌ಜಿ ಅನ್ನುತ್ತದೆ. ಎರಡು ಕ್ಲಚ್: ಒಂದರ ಪಾಲಿಗೆ 1, 3, 5, 7, ಇನ್ನೊಂದರ ಪಾಲಿಗೆ 2, 4, 6. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದ್ದು ತಯಾರಾಗಿ ಕೂತಿರುತ್ತದೆ. ಹೈವೇಯಲ್ಲಿ ಓಡಿಸಿದರೆ ಬೇರೆ ಯಾವುದೂ ಬೇಡ ಅನ್ನಿಸುತ್ತದೆ. ಆದರೆ ಸಣ್ಣ ಎಂಜಿನ್ ಕಾರುಗಳಲ್ಲಿ ಸಾಮಾನ್ಯವಾಗಿ ಬರುವುದು ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್. ಸಿಲ್ಕ್ ಬೋರ್ಡ್‌ನಲ್ಲಿ ಸಂಜೆ ಆರು ಗಂಟೆಗೆ ಇಂಚಿಂಚು ತೆವಳಿಸಿದರೆ ಅದೂ ಕಾಯುತ್ತದೆ. ಮುಂದಿನ ಗಾಡಿ ಒಂದು ಗಾಡಿಯಷ್ಟು ಜಾಗ ಬಿಡುವವರೆಗೆ ಬ್ರೇಕನ್ನು ಪೂರ್ತಿ ಒತ್ತಿ ನಿಂತಿರಿ. ಆಮೇಲೆ ಒಂದೇ ಸಲ ಹೊರಡಿ. ನಡುವೆ ಆಟೋದವನು ನುಗ್ಗುತ್ತಾನೆ, ಗೊತ್ತು. ಅದಕ್ಕೆ ನನ್ನ ಬಳಿಯೂ ಪರಿಹಾರವಿಲ್ಲ.

(ಎಲೆಕ್ಟ್ರಿಕ್ ಕಾರಿನ ಕಥೆಯೇ ಬೇರೆ. ಮೋಟರ್ ನಿಂತಲ್ಲಿಂದಲೇ ಎಳೆಯುವುದರಿಂದ ಕ್ಲಚ್ಚೂ ಬೇಡ, ಬದಲಿಸುವ ಗೇರೂ ಬೇಡ.)

ನಿಮ್ಮದು ಯಾವುದು ಅಂತ ಗೊತ್ತಿಲ್ಲವೇ? ಗೇರ್ ಲಿವರ್ ನೋಡಿ. 'ಪಿ' ಅಂತ ಪಾರ್ಕಿಂಗ್ ಸ್ಥಾನವೇ ಇಲ್ಲದಿದ್ದರೆ ಬಹುತೇಕ ಅದು ಎಎಂಟಿ. ಅಂಥ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು ಇಳಿಯಬೇಡಿ. ಮ್ಯಾನುಯಲ್ ಕಾರನ್ನು ಗೇರಿನಲ್ಲಿ ಬಿಡುತ್ತಿದ್ದ ಹಾಗೇ, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿದ ಸ್ಥಿತಿಯಲ್ಲೇ ಎಂಜಿನ್ ಆಫ್ ಮಾಡಿ. 'ಪಿ' ಇರುವ ಗಾಡಿಯವರು ಇನ್ನೊಂದು ತಪ್ಪು ಮಾಡುತ್ತಾರೆ. ಇಳಿಜಾರಿನಲ್ಲಿ ನೇರ 'ಪಿ'ಗೆ ಹಾಕಿ ಬ್ರೇಕ್ ಬಿಟ್ಟುಬಿಡುತ್ತಾರೆ. ಇಡೀ ಗಾಡಿಯ ಭಾರ ಗೇರ್ ಬಾಕ್ಸಿನೊಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಬೆಳಗ್ಗೆ ತೆಗೆಯುವಾಗ 'ಟಣ್' ಅನ್ನುವ ಸದ್ದು ಅದರದ್ದೇ. ಮೊದಲು ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಬ್ರೇಕಿನಿಂದ ಕಾಲು ಸಡಿಲಿಸಿ ಗಾಡಿ ಕೂತುಕೊಳ್ಳಲಿ, ಕೊನೆಗೆ 'ಪಿ'.

ಈಗ ಹೊಸದಾಗಿ ಕಲಿಯುವವರ ವಿಷಯ. "ನೇರ ಆಟೋಮ್ಯಾಟಿಕ್‌ನಲ್ಲೇ ಕಲಿಸಿ ಸರ್, ಸುಲಭ ಅಲ್ವಾ" ಅನ್ನುತ್ತಾರೆ. ಸುಲಭ ಹೌದು. ಆದರೆ ನನಗೆ ಹೆಚ್ಚು ಭಯ ಆಗುವುದು ಅಲ್ಲೇ. ಮ್ಯಾನುಯಲ್‌ನಲ್ಲಿ ಹೊಸಬರು ತಪ್ಪು ಮಾಡಿದರೆ ಗಾಡಿ ಒದ್ದುಕೊಂಡು ಆಫ್ ಆಗುತ್ತದೆ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಮುಖ ಕೆಂಪಾಗುತ್ತದೆ, ಅಷ್ಟೇ. ಗಾಬರಿಯಾದರೆ ಎರಡೂ ಕಾಲು ಒತ್ತಿ ಅಂತ ನಾವು ಮೊದಲ ದಿನವೇ ಹೇಳಿರುತ್ತೇವೆ. ಕ್ಲಚ್ ಒತ್ತಿದ ಕೂಡಲೇ ಎಂಜಿನ್ನಿಗೂ ಚಕ್ರಕ್ಕೂ ನಂಟು ಕಡಿಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ತಪ್ಪು ಮಾಡಿದರೆ ಗಾಡಿ ನಿಲ್ಲುವುದಿಲ್ಲ, ಓಡುತ್ತದೆ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿ, ಗಾಡಿ ಮುಂದೆ ಹೋದಷ್ಟೂ ಗಾಬರಿಯಲ್ಲಿ ಅದನ್ನೇ ಇನ್ನೂ ಒತ್ತುವವರನ್ನು ನಾನು ನೋಡಿದ್ದೇನೆ. ಪಾರ್ಕಿಂಗ್‌ನಲ್ಲಿ ಗೋಡೆಗೆ ನುಗ್ಗುವುದು ಹೀಗೆ.

ಹಾಗಾಗಿ ನನ್ನ ಆಟೋಮ್ಯಾಟಿಕ್ ಕ್ಲಾಸಿನಲ್ಲಿ ಮೊದಲ ಎರಡು ದಿನ ಆಕ್ಸಿಲರೇಟರ್ ಮುಟ್ಟುವಂತಿಲ್ಲ. ಬ್ರೇಕ್ ಬಿಟ್ಟರೆ ಗಾಡಿ ತಾನಾಗಿಯೇ ತೆವಳುತ್ತದಲ್ಲ, ಆ ತೆವಳಿಕೆಯಲ್ಲೇ ಮುಂದೆ, ಹಿಂದೆ, ಪಾರ್ಕಿಂಗ್ ಎಲ್ಲ ಮಾಡಿಸುತ್ತೇನೆ. ಬಲಗಾಲಿನ ಹಿಮ್ಮಡಿ ಬ್ರೇಕಿನ ಮುಂದೆ ನೆಲಕ್ಕೆ ಊರಿರಬೇಕು. ಆಕ್ಸಿಲರೇಟರಿಗೆ ಹೋಗುವುದು ಪಾದದ ಮುಂಭಾಗ ಮಾತ್ರ. ಆಗ ಗಾಬರಿಯಾದರೂ ಪಾದ ತಾನಾಗಿ ಬ್ರೇಕಿನ ಮೇಲೆಯೇ ಬೀಳುತ್ತದೆ.

ಮ್ಯಾನುಯಲ್‌ನಿಂದ ಬಂದವರದ್ದು ಬೇರೆ ರೋಗ. ಹಂಪ್ ಕಂಡ ಕೂಡಲೇ ಎಡಗಾಲು ಹಳೇ ನೆನಪಿನಲ್ಲಿ ಕ್ಲಚ್ ಹುಡುಕುತ್ತದೆ, ಅಗಲವಾದ ಬ್ರೇಕ್ ಪೆಡಲ್ ಸಿಗುತ್ತದೆ, ಕ್ಲಚ್ ಒತ್ತುವಷ್ಟೇ ಜೋರಾಗಿ ಒತ್ತುತ್ತದೆ. ಎಲ್ಲರ ಮೂಗೂ ಮುಂದಿನ ಸೀಟಿಗೆ. ಎಡಗಾಲನ್ನು ಫುಟ್‌ರೆಸ್ಟ್ ಮೇಲಿಟ್ಟು ಮರೆತುಬಿಡಿ ಅನ್ನುವುದು ಹೇಳಲು ಸುಲಭ. ಮರೆಯಲು ಹತ್ತು ಹದಿನೈದು ದಿನ ಬೇಕು.

ಇನ್ನು ಘಾಟಿ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಕಿಟಕಿ ತೆಗೆದರೆ ಕಾಡಿನ ವಾಸನೆಯ ಜೊತೆ ಬ್ರೇಕ್ ಕಾದ ವಾಸನೆಯೂ ಬರುತ್ತದೆ. ಲಾರಿಗಳದ್ದು ಮಾತ್ರ ಅಲ್ಲ, ಮುಂದೆ ಹೋಗುತ್ತಿರುವ ಕಾರಿನ ಬ್ರೇಕ್ ಲೈಟ್ ಆರುವುದೇ ಇಲ್ಲ. ಅದು 'ಡಿ'ಯಲ್ಲಿ (ಡ್ರೈವ್, ಮಾಮೂಲಿ ಓಡಿಸುವ ಸ್ಥಾನ) ಇಳಿಯುತ್ತಿರುವ ಆಟೋಮ್ಯಾಟಿಕ್ ಇರಬಹುದು ಅಂತ ನನಗೆ ಅನುಮಾನ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅನೇಕ ಗೇರ್ ಬಾಕ್ಸುಗಳು ಪೆಟ್ರೋಲ್ ಉಳಿಸಲು ಮೇಲಿನ ಗೇರಿನಲ್ಲೇ ಉಳಿದುಬಿಡುತ್ತವೆ. ಎಂಜಿನ್ನಿನ ಹಿಡಿತ ಸಡಿಲ. ಪೂರ್ತಿ ಭಾರ ಬ್ರೇಕಿನ ಮೇಲೆ. ಬ್ರೇಕ್ ಕಾದು ಕಾದು, ಒಂದು ತಿರುವಿನಲ್ಲಿ ಒತ್ತಿದರೆ ಪೆಡಲ್ ಮೆತ್ತಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅನ್ನುತ್ತಿದ್ದರು ಹಳೇ ಬಸ್ ಡ್ರೈವರ್‌ಗಳು. ಆಗುಂಬೆಯ 14 ತಿರುವುಗಳಿಗೆ ಆ ಮಾತು ಇವತ್ತಿಗೂ ಸಾಕು. ಆಟೋಮ್ಯಾಟಿಕ್‌ನವರಿಗೂ ಅದಕ್ಕೆ ದಾರಿ ಇದೆ. ಲಿವರ್ ಅನ್ನು 'ಎಂ' (ಮ್ಯಾನುಯಲ್) ಕಡೆ ತಳ್ಳಿ ಎರಡು ಅಥವಾ ಮೂರನೇ ಗೇರಿಗೆ ಇಳಿಸಿ. ಸಿವಿಟಿಯಾದರೆ 'ಎಲ್' (ಲೋ) ಅಥವಾ 'ಎಸ್' (ಸ್ಪೋರ್ಟ್). ಎಂಜಿನ್ ಗುಂಯ್ ಅನ್ನುತ್ತದೆ. ಹೆದರಬೇಡಿ, ಅದು ಗಾಡಿಯನ್ನು ಹಿಡಿದಿಟ್ಟ ಸದ್ದು. ನ್ಯೂಟ್ರಲ್ ಹಾಕಿ ಇಳಿಯುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅವರ ಪಕ್ಕ ಕೂರುವುದಿಲ್ಲ ಅಷ್ಟೇ.

ಬ್ಯಾಟರಿ ಇಳಿದರೆ ಮ್ಯಾನುಯಲ್ ಕಾರನ್ನು ನಾಲ್ಕು ಜನ ತಳ್ಳಿ ಎರಡನೇ ಗೇರಿನಲ್ಲಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್‌ಗೆ ಈ ಆಟ ನಡೆಯುವುದಿಲ್ಲ. ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇರಲಿ.

ಲೈಸೆನ್ಸ್ ಬಗ್ಗೆಯೂ ಕೇಳುತ್ತಾರೆ. ನಮ್ಮಲ್ಲಿ ಕಾರಿಗೆ ಕೊಡುವ ಎಲ್‌ಎಂವಿ ಲೈಸೆನ್ಸ್ ಎರಡಕ್ಕೂ ಒಂದೇ. ಬ್ರಿಟನ್ನಿನಲ್ಲಿ ಹಾಗಲ್ಲ, ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಪಾಸಾದವರು ಮ್ಯಾನುಯಲ್ ಓಡಿಸುವಂತಿಲ್ಲ. ದುಬೈನಲ್ಲೂ ಬೇರೆ ಬೇರೆ. ಅತ್ತ ಹೊರಟಿರುವ ಮಕ್ಕಳಿಗೆ ಮ್ಯಾನುಯಲ್ ಕಲಿತೇ ಹೋಗಿ ಅನ್ನುತ್ತೇನೆ. ಎರಡೂ ಬಂದರೆ ನಷ್ಟವಿಲ್ಲ. ಐವತ್ತು ದಾಟಿ ಮೊದಲ ಸಲ ಸ್ಟೀರಿಂಗ್ ಹಿಡಿಯುವವರಿಗೆ ಮಾತ್ರ ಆ ಒತ್ತಾಯ ಮಾಡುವುದಿಲ್ಲ. ಕ್ಲಚ್ ಭಯದಲ್ಲೇ ಕಾರು ಕಲಿಯುವುದನ್ನು ಬಿಟ್ಟ ಎಷ್ಟೋ ಅಮ್ಮಂದಿರು ಆಟೋಮ್ಯಾಟಿಕ್ ಬಂದ ಮೇಲೆ ಈಗ ಒಬ್ಬರೇ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದಾರೆ.

ಮೇಷ್ಟ್ರು ಮೊನ್ನೆ ಧರ್ಮಸ್ಥಳಕ್ಕೆ ಹೋಗಿದ್ದರಂತೆ. ಚಾರ್ಮಾಡಿ ಇಳಿದು ಕೆಳಗೆ ಟೀ ಕುಡಿಯುತ್ತಾ ಫೋನ್ ಮಾಡಿದರು.

"ಎರಡನೇ ಗೇರಿನಲ್ಲೇ ಇಳಿದೆ ಕಣಪ್ಪಾ. ಹಿಂದಿನವನು ಒಂದೇ ಸಮ ಹಾರ್ನು."

"ಏನು ಮಾಡಿದ್ರಿ?"

"ಜಾಗ ಸಿಕ್ಕ ಕಡೆ ಪಕ್ಕಕ್ಕೆ ಬಿಟ್ಟುಕೊಟ್ಟೆ. ಮುಂದೆ ಎರಡು ತಿರುವು ಆದಮೇಲೆ ಅವನೇ ನಿಂತಿದ್ದ. ಚಕ್ರಕ್ಕೆ ನೀರು ಹುಯ್ತಾ ಇದ್ದ."

ಕಾದ ಬ್ರೇಕಿಗೆ ನೀರು ಹಾಕಬಾರದು, ಡಿಸ್ಕ್ ಬಾಗಬಹುದು, ಸುಮ್ನೆ ಆರಲು ಬಿಡಬೇಕು ಅಂತ ಅವನಿಗೆ ಹೇಳಿದಿರಾ ಅಂತ ಕೇಳಿದೆ. ಮೇಷ್ಟ್ರು ಅದನ್ನೂ ಹೇಳಿ ಬಂದಿದ್ದರು.