ಯಂತ್ರ ಮುಟ್ಟಿಸಿದ್ದನ್ನು ಕೈ ನಂಬಬಹುದೇ?

ಪ್ರಶ್ನೆ: ಮಗಳು ಮಂಗಳೂರಿನಲ್ಲಿ ಎಂ.ಎಸ್. ಸರ್ಜರಿ ಓದುತ್ತಿದ್ದಾಳೆ. ಹೊಟ್ಟೆಯೊಳಗಿನ ಅಂಗವನ್ನೇ ಮುಟ್ಟಿದಂತೆ ಕೈಗೆ ತೋರುವ ಯಂತ್ರದಲ್ಲಿ ಅಭ್ಯಾಸ ಮಾಡಿಸುತ್ತಾರಂತೆ. ಈ ಸುಳ್ಳು ಸ್ಪರ್ಶದಲ್ಲಿ ಪಳಗಿದ ಕೈ ನಿಜವಾದ ರೋಗಿಯ ಮೇಲೆ ನಡೆದೀತೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಡೆಯುತ್ತದೆ. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ.

ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ ಸಣ್ಣ ತೂತುಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ, ಬೆರಳು ಅಂಗಕ್ಕೆ ತಾಗುವುದೇ ಇಲ್ಲ. 5ರಿಂದ 12 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಅಡಿಗಿಂತ ಉದ್ದದ ಸಲಕರಣೆ ತೂರಿಸಿ, ಪರದೆ ನೋಡುತ್ತ ಕೆಲಸ ಮಾಡಬೇಕು. ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ಅಂಗದ ಎಳೆತದ ಜೊತೆಗೆ ಕೊಳವೆಯ ತಿಕ್ಕಾಟವೂ ಬೆರೆತು ಕೈಗೆ ಬರುತ್ತದೆ. ನಿಮ್ಮೂರಿನಲ್ಲಿ ದೋಟಿಯಿಂದ ಅಡಿಕೆ ಕೊಯ್ಯುವವರನ್ನು ಕೇಳಿ ನೋಡಿ: ಕತ್ತಿ ಗೊನೆಯ ಬುಡಕ್ಕೆ ಸರಿಯಾಗಿ ಕೂತಿತೋ ಇಲ್ಲವೋ ಎಂಬುದು ಪಳಗಿದವನಿಗೆ ಅಂಗೈಯಲ್ಲೇ ತಿಳಿಯುತ್ತದೆ, ಹೊಸಬನಿಗೆ ದೋಟಿಯ ಭಾರವಲ್ಲದೆ ಬೇರೇನೂ ತಿಳಿಯುವುದಿಲ್ಲ.

ಹೀಗಾಗಿ ಹೊಸಬರು ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕುತ್ತಾರೆ. ಹೊಲಿಗೆಯ ಗಂಟನ್ನೇ ನೋಡಿ. ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ದಾರವೇ ಅಂಗಾಂಶವನ್ನು ಕೊಯ್ಯುತ್ತದೆ. ಎಷ್ಟು ಎಳೆದರೆ ಸಾಕು ಎಂಬುದನ್ನು ಬಾಯಲ್ಲಿ ಹೇಳಿ ಕಲಿಸಲಾಗದು.

ಇಲ್ಲಿ ಯಂತ್ರ ಎರಡು ಬಗೆಯಲ್ಲಿ ನೆರವಾಗುತ್ತದೆ. ಒಂದು ಬಗೆಯದರಲ್ಲಿ ಹಿಡಿಕೆಯೊಳಗಿನ ಮೋಟಾರುಗಳು ಕೈಯನ್ನು ಹಿಂದಕ್ಕೆ ತಳ್ಳಿ ಅಂಗವನ್ನು ಅನುಕರಿಸುತ್ತವೆ. ಕಣ್ಣಿಗೆ ಸೆಕೆಂಡಿಗೆ 30 ಚಿತ್ರ ಸಾಕು. ಕೈಗೆ ಸುಮಾರು 1000 ಸಲ ಲೆಕ್ಕ ಹಾಕಿ ಬಲ ಒದಗಿಸಬೇಕು, ಇಲ್ಲದಿದ್ದರೆ ಗಟ್ಟಿ ವಸ್ತುವೂ ನಡುಗಿದಂತಿರುತ್ತದೆ. ಬೆಲೆ ಏರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಬಗೆ ಅನುಕರಣೆಯ ಗೊಡವೆಗೇ ಹೋಗದು: ಬಲ ಮಿತಿ ಮೀರಿದರೆ ಹಿಡಿಕೆ ಕಂಪಿಸುತ್ತದೆ, ಅಷ್ಟೇ. ಆರಂಭದ ದಿನಗಳಿಗೆ ಇದೇ ಮೇಲೆಂದು ನನಗೆ ತೋರುತ್ತದೆ. ಆದರೆ ಕಂಪನವನ್ನು ಕ್ರಮೇಣ ಕಡಿಮೆ ಮಾಡುತ್ತ ಬರಬೇಕು. ಸದಾ ಎಚ್ಚರಿಸುತ್ತಿದ್ದರೆ ಕೈ ಅದನ್ನೇ ಕಾಯುತ್ತ ಕೂರುತ್ತದೆ.

ಹಾಗೆಂದು ಸ್ಪರ್ಶವಿಲ್ಲದೆ ಕಲಿಕೆಯೇ ಇಲ್ಲವೆಂದಲ್ಲ. 2002ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗವೊಂದರಲ್ಲಿ 16 ಮಂದಿ ಕಲಿಕಾ ವೈದ್ಯರಿದ್ದರು. ಸಿಮ್ಯುಲೇಟರ್‌ನಲ್ಲಿ, ಅಂದರೆ ಇಂಥ ಅಭ್ಯಾಸದ ಯಂತ್ರದಲ್ಲಿ, ಪಳಗಿದವರು ನಿಜವಾದ ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಉಳಿದವರಿಗಿಂತ 29 ಶೇಕಡಾ ಬೇಗ ಮುಗಿಸಿದರು, ತಪ್ಪುಗಳೂ ಕಡಿಮೆಯಾದವು. ಆ ಸಿಮ್ಯುಲೇಟರ್ ಕೈಗೆ ಸ್ಪರ್ಶವನ್ನೇ ಕೊಡುತ್ತಿರಲಿಲ್ಲ! ಅಮೆರಿಕದಲ್ಲಿ 2000ದಲ್ಲಿ ಅನುಮತಿ ಪಡೆದ ಡ ವಿಂಚಿ ಎಂಬ ಶಸ್ತ್ರಚಿಕಿತ್ಸೆಯ ರೋಬೋಟಿಗೂ ಬಲದ ಅರಿವು ಬಂದದ್ದು 2024ರ ಮಾದರಿಯಲ್ಲಿ. ಅಲ್ಲಿಯವರೆಗೆ ವೈದ್ಯರು ಅಂಗಾಂಶ ಬಿಳಿಚುವುದನ್ನು, ದಾರ ಬಿಗಿಯುವುದನ್ನು ಕಣ್ಣಲ್ಲೇ ನೋಡಿ ಎಳೆತವನ್ನು ಅಂದಾಜು ಮಾಡುತ್ತಿದ್ದರು.

ದುಬಾರಿ ಯಂತ್ರವಿಲ್ಲದ ಕಾಲೇಜಿನವರು ಕೊರಗಬೇಕಾಗಿಲ್ಲ. ಕ್ಯಾಮೆರಾ ಕೂರಿಸಿದ ಸಾದಾ ಪೆಟ್ಟಿಗೆಯಲ್ಲಿ ನಿಜವಾದ ಸೂಜಿ, ನಿಜವಾದ ದಾರ ಹಿಡಿದು ರಬ್ಬರಿನ ತುಂಡನ್ನು ಹೊಲಿಯುವಾಗ ಕೈಗೆ ಬರುವ ಎಳೆತ ಯಾವ ಮೋಟಾರಿನದೂ ಅಲ್ಲ.

ಇನ್ನು ನಿಮ್ಮ ಆತಂಕ. ಯಂತ್ರದಿಂದ ಎದ್ದವಳು ನೇರವಾಗಿ ಯಾರ ಹೊಟ್ಟೆಗೂ ಕೈ ಹಾಕುವುದಿಲ್ಲ. ಮೊದಲು ಕ್ಯಾಮೆರಾ ಹಿಡಿಯುತ್ತಾಳೆ, ಆಮೇಲೆ ಸಹಾಯಕಳಾಗಿ ನಿಲ್ಲುತ್ತಾಳೆ, ಅನಂತರ ಹಿರಿಯರ ಕಣ್ಣೆದುರು ಒಂದೊಂದೇ ಹಂತವನ್ನು ಮಾಡುತ್ತಾಳೆ. ಮುಂದಿನ ಸಲ ಊರಿಗೆ ಬಂದಾಗ, ಅಭ್ಯಾಸದ ವೇಳೆ ಪಕ್ಕದಲ್ಲಿ ನಿಂತು ತಿದ್ದುವವರು ಇದ್ದಾರೆಯೇ ಎಂದು ಅವಳನ್ನೇ ಕೇಳಿ.